ಲಿಗಮೆಂಟ್ ಹರಿದಾಗ ಮಂಡಿಯೊಳಗಾಗುವ ಜೊತೆಗಾಯಗಳು: ಇತಿಹಾಸ

ಮಂಡಿಯೊಳಗೆ ಒಂದಕ್ಕೊಂದು ಅಡ್ಡಹಾಯುವ ಎರಡು ಲಿಗಮೆಂಟುಗಳಲ್ಲಿ ಮುಂದಿನದು ಎಸಿಎಲ್. ಅದು ಹರಿದಾಗ ಗಾಯ ಬಹುಪಾಲು ಅಷ್ಟಕ್ಕೇ ನಿಲ್ಲುವುದಿಲ್ಲ. ಮೂಳೆಗಳ ನಡುವೆ ಮೆತ್ತೆಯಂತಿರುವ ಅರ್ಧಚಂದ್ರಾಕಾರದ ಮೆನಿಸ್ಕಸ್, ಕೀಲಿನ ಮೃದ್ವಸ್ಥಿ, ಮೂಳೆಯ ಒಳಭಾಗ ಇವಕ್ಕೂ ಪೆಟ್ಟಾಗಿರುತ್ತದೆ.

ಮೆನಿಸ್ಕಸ್‌ನ ಚಿಕಿತ್ಸೆ ಆರಂಭವಾದದ್ದು ಸರಿಯಾದ ದಾರಿಯಲ್ಲೇ. 1883ರಲ್ಲಿ ಎಡಿನ್‌ಬರೋದ ಥಾಮಸ್ ಆನಂಡೇಲ್ ಗಣಿ ಕಾರ್ಮಿಕನೊಬ್ಬನ ಮಂಡಿ ತೆರೆದು, ಜಾಗ ಬಿಟ್ಟು ಸರಿದಿದ್ದ ಮೆನಿಸ್ಕಸನ್ನು ಹೊಲಿದು ಮತ್ತೆ ಕೂರಿಸಿದರು. ಆ ಎಚ್ಚರ ಉಳಿಯಲಿಲ್ಲ. 1897ರಲ್ಲಿ ಲಂಡನ್ನಿನ ಬ್ಲಾಂಡ್-ಸಟನ್ ಅದನ್ನು ಕಾಲಿನ ಸ್ನಾಯುವಿನ ಕೆಲಸವಿಲ್ಲದ ಅವಶೇಷವೆಂದರು. ಹರಿದರೆ ಇಡಿಯಾಗಿ ಕಿತ್ತುಹಾಕುವುದೇ ದಶಕಗಳ ಕಾಲ ರೂಢಿಯಾಯಿತು. ಎಷ್ಟು ಮಂಡಿಗಳು ಇದರಿಂದ ಅಕಾಲದಲ್ಲಿ ಸವೆದವೋ! 1948ರಲ್ಲಿ ಫೇರ್‌ಬ್ಯಾಂಕ್ ಹೀಗೆ ಮೆನಿಸ್ಕಸ್ ಕಳೆದುಕೊಂಡ 107 ಮಂಡಿಗಳ ಎಕ್ಸ್‌ರೇ ನೋಡಿ, ಮೂಳೆಗಳ ನಡುವಿನ ಅಂತರ ಕಿರಿದಾಗುವುದನ್ನೂ ತೊಡೆಮೂಳೆಯ ತುದಿ ಚಪ್ಪಟೆಯಾಗುವುದನ್ನೂ ತೋರಿಸಿದರು. ಆದರೂ ರೂಢಿ ಕೂಡಲೇ ಬದಲಾಗಲಿಲ್ಲ.

ಜೊತೆಗಾಯ ಎಂಬ ತಿಳಿವಳಿಕೆಯನ್ನು ಗಟ್ಟಿಗೊಳಿಸಿದವರು ಅಮೆರಿಕದ ಒಕ್ಲಹೋಮದ ಡಾನ್ ಓಡಾನಹ್ಯೂ. ಫುಟ್‌ಬಾಲ್ ಆಟಗಾರನ ಪಾದ ನೆಲಕ್ಕೆ ಊರಿರುವಾಗ ಹೊರಬದಿಯಿಂದ ಎದುರಾಳಿ ಬಂದು ಅಪ್ಪಳಿಸಿದರೆ ಮಂಡಿ ಒಳಕ್ಕೆ ಬಾಗುತ್ತದೆ. ಆಗ ಎಸಿಎಲ್, ಒಳಬದಿಯ ಲಿಗಮೆಂಟ್, ಒಳ ಮೆನಿಸ್ಕಸ್ ಮೂರೂ ಒಟ್ಟಿಗೆ ಹರಿಯುತ್ತವೆ ಎಂದು 1950ರಲ್ಲಿ ಬರೆದು, ಆ ಗುಂಪನ್ನು ‘ದುರದೃಷ್ಟದ ತ್ರಿವಳಿ’ ಎಂದು ಕರೆದರು. ಬೇಗ ಆಪರೇಷನ್ ಮಾಡಿ ಎಂಬ ಅವರ ಒತ್ತಾಯ ಕ್ರೀಡಾವೈದ್ಯವನ್ನೇ ಬದಲಿಸಿತು.

ತ್ರಿವಳಿಯ ಮೂರನೆಯ ಸದಸ್ಯನನ್ನು 1991ರಲ್ಲಿ ಶೆಲ್ಬರ್ನ್ ಮತ್ತು ನಿಟ್ಸ್ ತಿದ್ದಿದರು. ಇಂಥ ಹೊಸ ಗಾಯಗಳಲ್ಲಿ ಹೆಚ್ಚಾಗಿ ಹರಿಯುವುದು ಹೊರ ಮೆನಿಸ್ಕಸ್. ಒಳಬದಿ ಬಾಯ್ಬಿಟ್ಟಾಗ ಹೊರಬದಿಯ ಮೂಳೆಗಳು ಡಿಕ್ಕಿ ಹೊಡೆದು ಅದನ್ನು ಅರೆಯುತ್ತವೆ. ಎಂಆರ್‌ಐ ಬಂದ ಮೇಲೆ ಅಲ್ಲಿನ ಮೂಳೆಯೊಳಗಿನ ಜಜ್ಜುಗಾಯವೂ ಕಾಣತೊಡಗಿತು. ಒಳ ಮೆನಿಸ್ಕಸ್‌ಗೆ ಕುತ್ತು ಬರುವುದು ಹೆಚ್ಚಾಗಿ ನಿಧಾನವಾಗಿ: ಹರಿದ ಎಸಿಎಲ್ ಹಾಗೇ ಉಳಿದರೆ ಅದರ ಭಾರವನ್ನು ಇದೇ ಹೊರಬೇಕಾಗುತ್ತದೆ.

ಈ ತಿದ್ದುಪಡಿಗೆ ಕಣ್ಣು ಕೊಟ್ಟದ್ದು ಕೀಲಿನ ಒಳಗನ್ನು ನೋಡುವ ನಳಿಕೆಯಾದ ಆರ್ಥ್ರೋಸ್ಕೋಪ್. ಟೋಕಿಯೋದ ಟಕಾಗಿ 1918ರಲ್ಲಿ ಮೂತ್ರಕೋಶ ನೋಡುವ ನಳಿಕೆಯನ್ನು ಶವದ ಮಂಡಿಯೊಳಕ್ಕೆ ಇಳಿಸಿದ್ದರು. ಅವರ ಶಿಷ್ಯ ವತನಬೆ 1962ರಲ್ಲಿ ಮೆನಿಸ್ಕಸ್‌ನ ಹರಿದ ಭಾಗವನ್ನಷ್ಟೇ ಆರ್ಥ್ರೋಸ್ಕೋಪ್ ಮೂಲಕ ತೆಗೆದರು. ಆದರೂ ಒಳ ಮೆನಿಸ್ಕಸ್ ಹಿಂಬದಿಯಲ್ಲಿ ಕೀಲಿನ ಪೊರೆಯಿಂದ ಬಿಟ್ಟುಕೊಳ್ಳುವ ‘ರ‍್ಯಾಂಪ್’ ಗಾಯ ಮುಂದಿನಿಂದ ನೋಡುವವರಿಗೆ ಬಹುಕಾಲ ತಪ್ಪಿಹೋಗುತ್ತಿತ್ತು. ಈಗ ಎಸಿಎಲ್ ಆಪರೇಷನ್ನಿನಲ್ಲಿ ಕ್ಯಾಮೆರಾವನ್ನು ಹಿಂದಕ್ಕೂ ಹಾಯಿಸಿ ಅದನ್ನು ಹುಡುಕುತ್ತಾರೆ, ಅಗತ್ಯವಿದ್ದರೆ ಹೊಲಿಯುತ್ತಾರೆ.