ಭತ್ತದಲ್ಲಿ ತೆಂಡೆ ಮತ್ತು ತೆನೆಯ ಸಮತೋಲನ: ಕಿರು ಆರ್‌ಎನ್‌ಎಗಳ ಪಾತ್ರ

ಹೆಚ್ಚು ತೆಂಡೆಯೊಡೆದ ಭತ್ತವೇ ಹೆಚ್ಚು ಇಳುವರಿ ನೀಡುತ್ತದೆ ಎಂದು ಭಾವಿಸುವುದು ಸಹಜ. ಆದರೆ ತೆಂಡೆ ಹೆಚ್ಚಿದಂತೆ ತೆನೆ ಚಿಕ್ಕದಾಗಬಹುದು. ಈ ಸಮತೋಲನದಲ್ಲಿ ಸಸ್ಯದ ಜೀವಕೋಶಗಳೊಳಗಿನ ಕಿರು ಆರ್‌ಎನ್‌ಎಗಳಿಗೆ ಮುಖ್ಯ ಪಾತ್ರವಿದೆ.

ಕಾರ್ಯವಿಧಾನ

ವಂಶವಾಹಿಯಲ್ಲಿರುವ ಮಾಹಿತಿಯು ಸಂದೇಶವಾಹಕ ಆರ್‌ಎನ್‌ಎ ಆಗಿ ನಕಲಾಗಿ, ಅದರಿಂದ ಪ್ರೋಟೀನ್ ತಯಾರಾಗುತ್ತದೆ. ಸುಮಾರು 20ರಿಂದ 24 ಘಟಕಗಳಷ್ಟು ಉದ್ದದ ಕಿರು ಆರ್‌ಎನ್‌ಎಯು ತನಗೆ ಹೊಂದುವ ಸಂದೇಶವನ್ನು ಗುರುತಿಸಿ, ಅದು ತುಂಡಾಗುವಂತೆ ಅಥವಾ ಅದರಿಂದ ಪ್ರೋಟೀನ್ ತಯಾರಾಗದಂತೆ ಮಾಡುತ್ತದೆ. ಇದು ದೀಪದ ಸ್ವಿಚ್ಚಿನಂತಲ್ಲ, ಕೆರೆಯ ತೂಬಿನಂತೆ. ಕಿರು ಆರ್‌ಎನ್‌ಎ ಹೆಚ್ಚಿದಷ್ಟೂ ತೂಬು ಇಳಿದು ಪ್ರೋಟೀನಿನ ಪ್ರಮಾಣ ತಗ್ಗುತ್ತದೆ.

ಭತ್ತದಲ್ಲಿ ಎಂಐಆರ್156 ಎಂಬ ಕಿರು ಆರ್‌ಎನ್‌ಎಯು ಎಸ್‌ಪಿಎಲ್14 ಎಂಬ ವಂಶವಾಹಿಯನ್ನು ಹೀಗೆ ನಿಯಂತ್ರಿಸುತ್ತದೆ. ಈ ವಂಶವಾಹಿಯ ಒಂದೇ ಒಂದು ಅಕ್ಷರ ಬದಲಾದ ಭತ್ತದಲ್ಲಿ ಕಿರು ಆರ್‌ಎನ್‌ಎಯ ಹಿಡಿತ ಸಡಿಲವಾಗುತ್ತದೆಂದು ಚೀನಾದ ವಿಜ್ಞಾನಿಗಳು 2010ರಲ್ಲಿ ವರದಿ ಮಾಡಿದರು. ಅಂತಹ ಗಿಡದಲ್ಲಿ ತೆಂಡೆಗಳು ಕಡಿಮೆ. ಆದರೆ ಕಾಂಡ ದೃಢ, ತೆನೆ ದೊಡ್ಡದು. ಎಸ್‌ಪಿಎಲ್14 ಅತಿಯಾದರೆ ತೆಂಡೆಗಳು ತೀರಾ ಕುಗ್ಗಿ ಲಾಭವೇ ಇಲ್ಲವಾಗುತ್ತದೆ. ಹದವಾದ ಪ್ರಮಾಣವೇ ಉತ್ತಮ.

ಲೆಕ್ಕಾಚಾರದ ಮಾದರಿ (1000 ಕಾಳಿನ ತೂಕ 24 ಗ್ರಾಂ ಇದ್ದಾಗ)

• ಚದರ ಮೀಟರಿಗೆ 250 ತೆನೆ, ತೆನೆಗೆ 100 ಗಟ್ಟಿ ಕಾಳು: 600 ಗ್ರಾಂ (ಎಕರೆಗೆ ಸುಮಾರು 24 ಕ್ವಿಂಟಾಲ್)
• 200 ತೆನೆ, 150 ಗಟ್ಟಿ ಕಾಳು: 720 ಗ್ರಾಂ (ಸುಮಾರು 29 ಕ್ವಿಂಟಾಲ್)
• 120 ತೆನೆ, 180 ಗಟ್ಟಿ ಕಾಳು: 518 ಗ್ರಾಂ (ಸುಮಾರು 21 ಕ್ವಿಂಟಾಲ್)

ರೈತರು ಗಮನಿಸಬೇಕಾದ ಅಂಶಗಳು

1. ತೆಂಡೆ ಕಡಿಮೆಯೆಂಬ ಒಂದೇ ಕಾರಣಕ್ಕೆ ಹೊಸ ತಳಿಯನ್ನು ತಿರಸ್ಕರಿಸಬೇಡಿ. ಕೊಯ್ಲಿಗೆ ಮುನ್ನ ಗದ್ದೆಯ 3–4 ಕಡೆ ಒಂದು ಚದರ ಮೀಟರ್ ಗುರುತಿಸಿ ತೆನೆಗಳನ್ನು ಎಣಿಸಿ. ಕೆಲವು ತೆನೆಗಳ ಗಟ್ಟಿ ಕಾಳು ಮತ್ತು ಜೊಳ್ಳನ್ನು ಬೇರೆ ಬೇರೆಯಾಗಿ ಎಣಿಸಿ ಹೋಲಿಸಿ.
2. ತೆಂಡೆ ಕಡಿಮೆ ಬರುವ ತಳಿಗೆ ನಾಟಿಯ ಅಂತರ ಕಡಿಮೆ ಇರಲಿ. 20 × 15 ಸೆಂ.ಮೀ. ಅಂತರದಲ್ಲಿ ಚದರ ಮೀಟರಿಗೆ 33 ಗುಣಿಗಳಾದರೆ, 20 × 10 ಸೆಂ.ಮೀ. ಅಂತರದಲ್ಲಿ 50 ಗುಣಿಗಳಾಗುತ್ತವೆ.
3. ತೆಂಡೆ ಹೆಚ್ಚಿಸಲೆಂದು ಶಿಫಾರಸಿಗಿಂತ ಹೆಚ್ಚು ಯೂರಿಯಾ ಹಾಕಬೇಡಿ. ತಡವಾಗಿ ಬಂದ ತೆಂಡೆಗಳು ತೆನೆ ಬಿಡದೆ ಉಳಿಯಬಹುದು. ಬೆಳೆ ಬಾಗಿ ಬೀಳುವ ಹಾಗೂ ಬೆಂಕಿರೋಗ ತಗಲುವ ಸಂಭವವೂ ಹೆಚ್ಚುತ್ತದೆ.

ಕಿರು ಆರ್‌ಎನ್‌ಎಯ ಪ್ರಮಾಣವನ್ನು ಹದಗೊಳಿಸುವುದು ತಳಿ ಅಭಿವೃದ್ಧಿಯ ಕೆಲಸ. ಆ ತಳಿಯ ಗುಣವನ್ನರಿತು ಅಂತರ ಮತ್ತು ಗೊಬ್ಬರವನ್ನು ಹೊಂದಿಸಿದಾಗಲೇ ಅದರ ಫಲ ಗದ್ದೆಯಲ್ಲಿ ದೊರೆಯುತ್ತದೆ.