ಗುಲ್ಮಕ್ಕೆ ಬೆಲೆ ಬಂದ ಕಥೆ

ಮಲೆನಾಡಿನ ಹಿರಿಯರ ಬಾಯಲ್ಲಿ ‘ಜ್ವರಗಡ್ಡೆ’ ಅನ್ನೋ ಮಾತನ್ನ ನೀವು ಕೇಳಿರಬಹುದು. ಪದೇ ಪದೇ ಮಲೇರಿಯಾ ಬಂದವರ ಹೊಟ್ಟೆಯ ಎಡಗಡೆ, ಪಕ್ಕೆಲುಬಿನ ಕೆಳಗೆ ಗಟ್ಟಿಯಾಗಿ ಕೈಗೆ ಸಿಗುತ್ತಿದ್ದ ಗಡ್ಡೆ ಅದು. ನಿಜಕ್ಕೂ ಅದು ಊದಿಕೊಂಡ ಗುಲ್ಮ, ಅಂದರೆ ಸ್ಪ್ಲೀನ್. ಕಾಯಿಲೆ ಬಿದ್ದಾಗ ಮಾತ್ರ ನೆನಪಾಗುವ ಈ ಅಂಗದ ಬಗ್ಗೆ ಸರ್ಜನ್ನರಿಗೂ ಬಹಳ ಕಾಲ ಅಷ್ಟೇನೂ ಗೌರವ ಇರಲಿಲ್ಲ.

ಗುಲ್ಮಕ್ಕೆ ರಕ್ತ ತರುವ ಅಪಧಮನಿ ಮಾತ್ರ ಬಲು ಠೀವಿಯದು. ಮೇದೋಜೀರಕ ಗ್ರಂಥಿಯ ಮೇಲಂಚಿನಗುಂಟ ಹಾವಿನ ಹಾಗೆ ಸುತ್ತಿ ಬಳಸಿ ಬರುತ್ತೆ. ಮಹಾಪಧಮನಿಯಿಂದ ಹೊರಡುವ ಒಂದು ಗಿಡ್ಡ ಕಾಂಡ ಮೂರಾಗಿ ಕವಲೊಡೆದು ಜಠರಕ್ಕೆ, ಯಕೃತ್ತಿಗೆ, ಗುಲ್ಮಕ್ಕೆ ಹೋಗುತ್ತದೆಂದು 1756ರಲ್ಲಿ ವಿವರಿಸಿದವನು ಬರ್ನ್ ನಗರದ ಹಾಲರ್. ಅದಕ್ಕೆ ‘ಹಾಲರನ ಮುಕ್ಕಾಲಿ’ ಅಂತಲೇ ಹೆಸರಾಯಿತು. ಆದರೆ ಎಲ್ಲರ ಹೊಟ್ಟೆಯಲ್ಲೂ ಮುಕ್ಕಾಲಿಗೆ ಮೂರೇ ಕಾಲಿರಲ್ಲ! ಕೆಲವರಲ್ಲಿ ಗುಲ್ಮದ ಅಪಧಮನಿ ನೇರ ಮಹಾಪಧಮನಿಯಿಂದಲೇ ಹೊರಟುಬಿಡುತ್ತೆ.

ಅದೇ ಬರ್ನ್‌ನಲ್ಲಿ ಮುಂದೆ ಕೋಖರ್ ಎಂಬ ಮಹಾನ್ ಸರ್ಜನ್ ಇದ್ದರು. ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ಕಿತ್ತರೆ ರೋಗಿ ಮಂಕಾಗುತ್ತಾನೆ ಅಂತ 1883ರಲ್ಲೇ ಎಚ್ಚರಿಸಿದವರು, 1909ರಲ್ಲಿ ನೊಬೆಲ್ ಪಡೆದವರು. ಅಂಥವರೂ ಗುಲ್ಮಕ್ಕೆ ಪೆಟ್ಟಾದರೆ ತೆಗೆದುಹಾಕಿ, ಅದರಿಂದ ಕೇಡೇನಿಲ್ಲ ಎಂದೇ ನಂಬಿದ್ದರು. ಇದು ನನಗೆ ಇವತ್ತಿಗೂ ಸೋಜಿಗ. ಒಂದು ಗ್ರಂಥಿಯಿಂದ ಕಲಿತ ಪಾಠ ಇನ್ನೊಂದು ಅಂಗಕ್ಕೆ ದಾಟಲೇ ಇಲ್ಲ ನೋಡಿ.

ಇಲ್ಲಿಂದ ಮುಂದೆ ಹತ್ತತ್ತು ವರ್ಷದ ಅಂತರದಲ್ಲಿ ಮೂರು ಘಟನೆ.

1942. ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಿಕೊಲಸ್ ಮಿಚೆಲ್ಸ್ 100 ದೇಹಗಳನ್ನು ಛೇದಿಸಿ ಈ ಅಪಧಮನಿಯ ಕವಲುಗಳನ್ನು ಎಣಿಸಿದರು. ಸುಮಾರು 70ರಲ್ಲಿ ಅದು ಗುಲ್ಮದಿಂದ ದೂರದಲ್ಲೇ ಉದ್ದುದ್ದ ಕವಲಾಗಿ ಹರಡಿಕೊಳ್ಳುತ್ತಿತ್ತು. ಮಿಕ್ಕ 30ರಲ್ಲಿ ಗುಲ್ಮದ ಬಾಗಿಲವರೆಗೂ ಒಂದೇ ಕಾಂಡವಾಗಿ ಬಂದು ಅಲ್ಲಿ ಗಿಡ್ಡ ಗೊಂಚಲಾಗುತ್ತಿತ್ತು. ಆದರೆ ತೆಗೆದು ಬಿಸಾಡುವ ಅಂಗಕ್ಕೆ ಕವಲು ಎರಡಿದ್ದರೇನು, ಹತ್ತಿದ್ದರೇನು? ರಕ್ತ ಸೋರದಂತೆ ಎಲ್ಲವನ್ನೂ ಕಟ್ಟಿದರೆ ಆಯಿತು.

1952. ಕಿಂಗ್ ಮತ್ತು ಶುಮೇಕರ್ ಎಂಬ ಅಮೆರಿಕನ್ ವೈದ್ಯರು ರಕ್ತದ ಕಾಯಿಲೆಗೆಂದು ಗುಲ್ಮ ತೆಗೆಸಿಕೊಂಡ ಐದು ಹಸುಗೂಸುಗಳ ಕಥೆ ಪ್ರಕಟಿಸಿದರು. ಆ ಮಕ್ಕಳಲ್ಲಿ ಆಮೇಲೆ ಭೀಕರ ಸೋಂಕು ಕಾಣಿಸಿಕೊಂಡಿತ್ತು. ಎರಡು ಮಕ್ಕಳು ಉಳಿಯಲಿಲ್ಲ. ಗುಲ್ಮ ರಕ್ತದೊಳಗೆ ನುಗ್ಗಿದ ಬ್ಯಾಕ್ಟೀರಿಯಾಗಳನ್ನು ಸೋಸುವ ಕಾವಲುಗಾರ ಅನ್ನೋದು ಆಗ ಮನಸ್ಸಿಗೆ ನಾಟಿತು.

1962. ಬ್ರೆಜಿಲ್‌ನ ಬೆಲೊ ಹೊರಿಜಾಂಟೆಯಲ್ಲಿ ಕಾಂಪೊಸ್ ಕ್ರಿಸ್ಟೊ ಎಂಟು ರೋಗಿಗಳಲ್ಲಿ ಗುಲ್ಮದ ಕೆಟ್ಟ ಭಾಗವನ್ನಷ್ಟೇ ತೆಗೆದು ಉಳಿದದ್ದನ್ನು ಉಳಿಸಿದ್ದನ್ನು ವರದಿ ಮಾಡಿದರು. ಇದು ಸಾಧ್ಯವಾದದ್ದು ಕವಲುಗಳಿಂದ. ಒಂದೊಂದು ಕವಲೂ ಹೆಚ್ಚುಕಡಿಮೆ ಗುಲ್ಮದ ತನ್ನ ಪಾಲಿಗೆ ಮಾತ್ರ ರಕ್ತ ಕೊಡುತ್ತೆ. ಒಂದು ಕವಲನ್ನು ಕಟ್ಟಿದರೆ ಆ ಪಾಲಿನ ಬಣ್ಣ ಮಾತ್ರ ಕಪ್ಪಾಗಿ, ಎಲ್ಲಿ ಕೊಯ್ಯಬೇಕು ಅನ್ನೋ ಗೆರೆ ತಾನಾಗಿ ಮೂಡುತ್ತೆ.

ಈಗ ಕವಲಿನ ಲೆಕ್ಕಕ್ಕೆ ಜೀವ ಬಂತು. ದೂರದಲ್ಲೇ ಹರಡಿಕೊಂಡಿದ್ದರೆ ಒಂದೊಂದನ್ನೇ ಹಿಡಿದು ಕಟ್ಟಬಹುದು. ಬಾಗಿಲಲ್ಲಿ ಗೊಂಚಲಾಗಿದ್ದರೆ ಬೇಕಾದ ಕವಲನ್ನು ಬಿಡಿಸಿಕೊಳ್ಳೋದು ಕಷ್ಟ. ಪಕ್ಕದಲ್ಲೇ ಚಾಚಿರುವ ಮೇದೋಜೀರಕದ ಬಾಲಕ್ಕೆ ಪೆಟ್ಟಾಗುವ ಭಯ ಬೇರೆ. ಇವತ್ತು ಸಿಟಿ ಆಂಜಿಯೋಗ್ರಾಂನಲ್ಲಿ ಈ ನಕ್ಷೆಯನ್ನು ಆಪರೇಷನ್ನಿಗೆ ಮೊದಲೇ ನೋಡಿಕೊಳ್ಳಬಹುದು. ಪೂರ್ತಿ ತೆಗೆಯಲೇಬೇಕಾದವರಿಗೆ ಸೋಂಕಿನ ವಿರುದ್ಧ ಲಸಿಕೆಗಳಿವೆ.

ನನಗೆ ಕಾಡೋದು ಮಿಚೆಲ್ಸ್. ಯಾರಿಗೂ ಬೇಡವಾಗಿದ್ದ ಅಂಗದ ಕವಲುಗಳನ್ನು ನೂರು ದೇಹಗಳಲ್ಲಿ ಕೂತು ಎಣಿಸಿದ ಮನುಷ್ಯ. ಆ ಎಣಿಕೆಯ ಬೆಲೆ ತಿಳಿಯೋಕೆ ಮೊದಲು ಗುಲ್ಮಕ್ಕೆ ಬೆಲೆ ಬರಬೇಕಾಯ್ತು. ಅದಕ್ಕೆ ಎಳೆಯ ಮಕ್ಕಳು ದಂಡ ತೆತ್ತವು... ನಾವು ‘ಇದರಿಂದೇನು ಉಪಯೋಗ’ ಅಂತ ಪಕ್ಕಕ್ಕೆ ಸರಿಸಿದ ಇನ್ನೆಷ್ಟು ಲೆಕ್ಕಗಳು ಹೀಗೆ ಕಾಯುತ್ತಿವೆಯೋ. ನಿಮಗೇನನ್ನಿಸುತ್ತೆ?