ಕನ್ನಡಿಗರ ಹೆಸರು ದಾಖಲೆಗೇರಿದ ಬಗೆ

ಪರದೇಶಕ್ಕೆ ಹೊರಡುವವರು ವೀಸಾದ ಅರ್ಜಿಯನ್ನು ಮುಂದಿಟ್ಟುಕೊಂಡು ಕುಳಿತಾಗ ಮೊಟ್ಟಮೊದಲು ಕಾಣುವ ಎರಡು ಖಾನೆಗಳು, ಅಂದರೆ ಮನೆತನದ ಹೆಸರಿನದು ಮತ್ತು ಇಟ್ಟ ಹೆಸರಿನದು, ನೋಡುವುದಕ್ಕೆ ಅತ್ಯಂತ ಸರಳವಾದುವು; ಆದರೂ ಕನ್ನಡನಾಡಿನ ಎಷ್ಟೋ ಮನೆಗಳಲ್ಲಿ ಮಿಕ್ಕ ಪ್ರಶ್ನೆಗಳೆಲ್ಲಕ್ಕಿಂತ ಹೆಚ್ಚು ಹೊತ್ತನ್ನು ಹಿಡಿಯುವುವು ಅವೇ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಇನಿಷಿಯಲ್ ಸಹಿತವಾದ ಒಂದು ಹೆಸರು, ಪಹಣಿಯಲ್ಲಿ ತಂದೆಯ ಹೆಸರಿನೊಡನೆ ಬೆಸೆದ ಮತ್ತೊಂದು, ಪ್ಯಾನ್ ಕಾರ್ಡಿನಲ್ಲಿ ಇನಿಷಿಯಲನ್ನು ಬಿಡಿಸಿ ಬರೆದ ಇನ್ನೊಂದು, ವಿವಾಹದ ಪ್ರಮಾಣಪತ್ರದಲ್ಲಿ ಬೇರೆಯೇ ಆದ ಮಗದೊಂದು: ಹೀಗೆ ಒಬ್ಬರೇ ನಾಲ್ವರಾಗಿ ನಿಂತು, ನಾಲ್ವರೂ ಒಬ್ಬರೇ ಎಂಬುದನ್ನು ಛಾಪಾಕಾಗದದ ಮೇಲೆ ನೋಟರಿಯ ಸಮಕ್ಷಮದಲ್ಲಿ ಪ್ರಮಾಣೀಕರಿಸಬೇಕಾಗುವುದು. ಇದನ್ನು ಗುಮಾಸ್ತರ ಅಲಕ್ಷ್ಯವೆಂದೋ ಹಿರಿಯರ ಅಜ್ಞಾನವೆಂದೋ ಎಣಿಸುವುದು ವಾಡಿಕೆ. ಆದರೆ ಈ ಭೇದಗಳ ಹಿಂದಿರುವುದು ನಮ್ಮ ನಾಡಿನ ದೀರ್ಘವಾದ ಚರಿತ್ರೆ; ಅದನ್ನು ತಿಳಿಯದೆ ಈ ತೊಡಕನ್ನು ನ್ಯಾಯವಾಗಿ ಬಿಡಿಸುವುದು ಸಾಧ್ಯವಿಲ್ಲ.

ಪೂರ್ವಕಾಲದ ನಮ್ಮ ಜನಕ್ಕೆ ಹೆಸರೆಂಬುದು ಸಂಬಂಧಗಳ ನಡುವೆ ಮನುಷ್ಯನನ್ನು ಗುರುತಿಸುವ ಉಪಾಯವಾಗಿದ್ದಿತು. ಶಿಕಾರಿಪುರದ ಬಳಿಯ ಮಳವಳ್ಳಿಯ ಸ್ತಂಭಶಾಸನದಲ್ಲಿ ಬನವಾಸಿಯ ಸಾತಕರ್ಣಿ ಅರಸನು ಹಾರಿತೀಪುತ್ರನೆಂದು ತಾಯಿಯ ಮೂಲಕ ಕಾಣಿಸಿಕೊಳ್ಳುತ್ತಾನೆ. ಅವನ ತರುವಾಯ ಬಂದ ಕದಂಬರೂ, ಬಾದಾಮಿಯ ಚಾಲುಕ್ಯರೂ ಮಾನವ್ಯಸಗೋತ್ರರು, ಹಾರಿತೀಪುತ್ರರು ಎಂಬ ವಿಶೇಷಣಗಳನ್ನು ಧರಿಸಿದರು. ವಿಜಯನಗರದ ಕಾಲದ ತಾಮ್ರಪಟಗಳಲ್ಲಿ ಅಗ್ರಹಾರದ ವೃತ್ತಿಗಳನ್ನು ಪಡೆದವರ ಪಟ್ಟಿಯನ್ನು ನೋಡಿದರೆ, ಪ್ರತಿಯೊಬ್ಬನ ಹೆಸರಿನ ಜೊತೆಗೆ ಅವನ ತಂದೆ, ಗೋತ್ರ, ಸೂತ್ರ, ಶಾಖೆಗಳು ಸಾಲಾಗಿ ಬರುವುವು. ದಾನ ಪಡೆದವನು ಇವನೇ ಎಂದು ಮುಂದಿನ ತಲೆಮಾರುಗಳಿಗೆ ತಿಳಿಯಬೇಕಾದರೆ ಇಷ್ಟು ಗುರುತುಗಳು ಬೇಕೆಂಬುದು ಆ ಕಾಲದ ಆಡಳಿತದ ವಿವೇಕ. ಅನಂತರದ ಕಂದಾಯದ ಕಡತಗಳೂ ಇದೇ ಜಾಡಿನಲ್ಲಿ ನಡೆದುವು. ಇಂಥವನ ಮಗನೆಂಬುದಕ್ಕೆ ‘ಬಿನ್’, ಇಂಥವನ ಹೆಂಡತಿಯೆಂಬುದಕ್ಕೆ ‘ಕೋಂ’, ಎರಡನೆಯ ಹೆಸರೊಂದಿದ್ದರೆ ಅದರ ಹಿಂದೆ ‘ಯಾನೆ’ ಅಥವಾ ‘ಉರುಫ್’ ಎಂದು ಶಾನುಭೋಗರು ಬರೆದರು. ಇಂದಿಗೂ ಮೈಸೂರು ಸೀಮೆಯ ಕ್ರಯಪತ್ರಗಳಲ್ಲಿ ಈ ಪದಗಳು ಜೀವಂತವಾಗಿವೆ. ಒಬ್ಬನಿಗೆ ಎರಡು ಹೆಸರಿರುವುದು ಆ ಲೇಖಕರಿಗೆ ಶಂಕಾಸ್ಪದವಾಗಿರಲಿಲ್ಲ. ಅದನ್ನು ದಾಖಲೆಯ ಒಡಲಿನಲ್ಲಿಯೇ ಒಪ್ಪಿಕೊಳ್ಳುವ ಕ್ರಮ ಅವರಲ್ಲಿದ್ದಿತು.

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕನ್ನಡ ಮಾತನಾಡುವ ಸೀಮೆಗಳು ಮುಖ್ಯವಾಗಿ ಐದು ಆಡಳಿತಗಳಲ್ಲಿ ಹಂಚಿಹೋಗಿದ್ದುವು. ಹೆಸರನ್ನು ಬರೆಯುವ ರೀತಿಯೂ ಅಂತೆಯೇ ಹಂಚಿಹೋಯಿತು. ಮೈಸೂರು ಸಂಸ್ಥಾನದಲ್ಲಿ ಊರು, ತಂದೆ, ತಾನು ಎಂಬ ಕ್ರಮ ನೆಲೆನಿಂತಿತು: ಕುಪ್ಪಳಿಯ ವೆಂಕಟಪ್ಪನವರ ಮಗ ಪುಟ್ಟಪ್ಪ ಕೆ. ವಿ. ಪುಟ್ಟಪ್ಪನಾದುದು ಹೀಗೆ. ಮುಂಬಯಿ ಆಧಿಪತ್ಯಕ್ಕೆ ಸೇರಿದ ಧಾರವಾಡ, ಬೆಳಗಾವಿ, ಬಿಜಾಪುರಗಳಲ್ಲಿ ಮಹಾರಾಷ್ಟ್ರದ ರೂಢಿಯಂತೆ ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು: ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ವಿನಾಯಕ ಕೃಷ್ಣ ಗೋಕಾಕ. ಕೊಡಗಿನಲ್ಲಿ ಒಕ್ಕದ ಹೆಸರೇ ಮೊದಲು. ಕೋದಂಡೇರ ಎಂಬುದು ಜನರಲ್ ಕಾರಿಯಪ್ಪನವರ ಒಕ್ಕವಾದುದರಿಂದ, ಅವರ ಕುಲನಾಮ ಹೆಸರಿನ ಬಾಲದಲ್ಲಿರದೆ ತಲೆಯಲ್ಲಿದೆ. ಮದರಾಸಿನ ಆಡಳಿತದಲ್ಲಿದ್ದ ದಕ್ಷಿಣ ಕನ್ನಡದಲ್ಲಿ ಅಳಿಯಸಂತಾನದ ಕುಟುಂಬಗಳು ಆಸ್ತಿಯನ್ನೂ ಬಳಿಯನ್ನೂ ತಾಯಿಯ ಕಡೆಯಿಂದ ಎಣಿಸುತ್ತಿದ್ದುದರಿಂದ ತಂದೆಯ ಹೆಸರಿಗೆ ಬೇರೆಡೆಗಳಲ್ಲಿದ್ದಷ್ಟು ಪ್ರಾಧಾನ್ಯವಿರಲಿಲ್ಲ. ನಿಜಾಮರ ಆಳ್ವಿಕೆಯ ಕಲಬುರಗಿ, ರಾಯಚೂರು, ಬೀದರಗಳಲ್ಲಿ ಕನ್ನಡದ ಹೆಸರುಗಳು ಉರ್ದು ಲಿಪಿಯ ಕಡತಗಳನ್ನು ಹೊಕ್ಕು, ಅಲ್ಲಿಂದ ಮತ್ತೆ ಕನ್ನಡಕ್ಕೂ ಇಂಗ್ಲಿಷಿಗೂ ಬರುವಷ್ಟರಲ್ಲಿ ಸ್ವರಗಳ ಹ್ರಸ್ವದೀರ್ಘಗಳು ಬದಲಾಗುತ್ತಿದ್ದುವು. 1956ರ ನವೆಂಬರ್ 1ರಂದು ನಾಡು ಒಂದಾಯಿತು. ಹೆಸರುಗಳ ಈ ಐದು ಪದ್ಧತಿಗಳು ಮಾತ್ರ ಒಂದಾಗಲಿಲ್ಲ, ಒಂದಾಗಬೇಕಾದ ಕಾರಣವೂ ಆಗ ಯಾರಿಗೂ ತೋರಲಿಲ್ಲ.

ಇನಿಷಿಯಲ್ ಎಂಬ ಸಂಕ್ಷೇಪವು ಇಂಗ್ಲಿಷ್ ಶಾಲೆಗಳೂ ಕಛೇರಿಗಳೂ ಬಂದಮೇಲೆ ಮೈಸೂರು, ಮದರಾಸುಗಳಲ್ಲಿ ಬಲವಾಗಿ ಬೇರೂರಿತು. ಆ ಒಂದು ಅಕ್ಷರದಲ್ಲಿ ಅಡಗಿರುವುದು ಕೆಲವೊಮ್ಮೆ ತಲೆಮಾರುಗಳ ಹಿಂದೆ ಬಿಟ್ಟುಬಂದ ಊರು. ವಿಶ್ವೇಶ್ವರಯ್ಯನವರು ಹುಟ್ಟಿದುದು ಮುದ್ದೇನಹಳ್ಳಿಯಲ್ಲಿ. ಅವರ ಹೆಸರಿನ ‘ಎಂ’ ಎಂಬುದಾದರೋ ಪೂರ್ವಿಕರು ಎಂದೋ ತೊರೆದುಬಂದ ಮೋಕ್ಷಗುಂಡವೆಂಬ ಆಂಧ್ರದ ಗ್ರಾಮವನ್ನು ಸೂಚಿಸುವುದು. ಪಾಶ್ಚಾತ್ಯ ಕ್ರಮದೊಡನೆ ಈ ಪದ್ಧತಿ ಎಷ್ಟರಮಟ್ಟಿಗೆ ಹೊಂದದೆಂಬುದಕ್ಕೆ ಸರ್ ಸಿ. ವಿ. ರಾಮನ್ ಅವರ ಮನೆತನ ಉತ್ತಮ ನಿದರ್ಶನ. ತಂದೆ ಚಂದ್ರಶೇಖರ, ಮಗ ವೆಂಕಟರಾಮನ್. ಆ ಒಂದೇ ಹೆಸರು ಎರಡಾಗಿ ಒಡೆದು, ಉತ್ತರಾರ್ಧವಾದ ‘ರಾಮನ್’ ಎಂಬುದು ಜಗತ್ತಿಗೆ ಕುಲನಾಮದಂತೆ ತೋರಿತು. 1930ರ ನೊಬೆಲ್ ಪಾರಿತೋಷಕವೂ, ಅವರು ಕಂಡುಹಿಡಿದ ಬೆಳಕಿನ ಪರಿಣಾಮವೂ ಅದೇ ಹೆಸರಿನಿಂದ ಪ್ರಖ್ಯಾತವಾದುವು. ಆದರೆ ಅವರ ಮಗ, ಖಗೋಳವಿಜ್ಞಾನಿ ರಾಧಾಕೃಷ್ಣನ್, ‘ರಾಮನ್’ ಎಂಬುದನ್ನು ಕುಲನಾಮವಾಗಿ ಧರಿಸಲಿಲ್ಲ. ತಂದೆಯ ಪೂರ್ಣನಾಮವನ್ನು ‘ವಿ’ ಎಂಬ ಅಕ್ಷರದಲ್ಲಿ ಹೊತ್ತು ವಿ. ರಾಧಾಕೃಷ್ಣನ್ ಆದರು. ಮೂರು ತಲೆಮಾರುಗಳಲ್ಲಿ ಮೂರು ಹೆಸರು. ಮೂವರಿಗೂ ಸಮಾನವಾದ ಅಡ್ಡಹೆಸರು ಯಾವುದೂ ಇಲ್ಲ. ವೀಸಾದ ಅರ್ಜಿಯ ಖಾನೆ ಕೇಳುವ ವಸ್ತುವೇ ಈ ಸಂಪ್ರದಾಯದಲ್ಲಿ ಇರಲಿಲ್ಲವೆಂಬುದು ಇದರಿಂದ ಸ್ಪಷ್ಟವಾಗುವುದು.

ಹೆಸರನ್ನು ನಿಶ್ಚಲಗೊಳಿಸುವ ಮೊದಲ ದಾಖಲೆ ನಮ್ಮಲ್ಲಿ ಬಹುಕಾಲ ಶಾಲೆಯ ದಾಖಲಾತಿ ಪುಸ್ತಕವಾಗಿದ್ದಿತು. ಜನನ ಮರಣಗಳ ನೋಂದಣಿಗಾಗಿ 1886ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಆದ ಕಾನೂನು ಇಚ್ಛೆಯುಳ್ಳವರಿಗೆ ಮಾತ್ರ ಸಂಬಂಧಿಸಿದುದು. ದೇಶಕ್ಕೆಲ್ಲ ಕಡ್ಡಾಯವಾದ ಕಾನೂನು ಬಂದುದು 1969ರಲ್ಲಿ. ಅದರಲ್ಲಿಯೂ ಮಗುವಿನ ಹೆಸರಿಲ್ಲದೆ ಜನನವನ್ನು ನೋಂದಾಯಿಸಿ, ಹೆಸರನ್ನು ಅನಂತರ ಸೇರಿಸುವುದಕ್ಕೆ ಅವಕಾಶವಿದ್ದಿತು. ಅನೇಕರು ಸೇರಿಸಲೇ ಇಲ್ಲ. ಆದುದರಿಂದ ಶಾಲೆಗೆ ಹಾಕುವ ದಿನ ಮೇಷ್ಟರು ಕೇಳಿ ಬರೆದುಕೊಂಡುದೇ ಹೆಸರು, ಅವರು ಊಹಿಸಿದುದೇ ಜನ್ಮದಿನಾಂಕವಾಗಿ, ಅವೆರಡೂ ಹತ್ತನೆಯ ತರಗತಿಯ ಅಂಕಪಟ್ಟಿಯನ್ನೇರಿ ಶಾಶ್ವತವಾದುವು.

ಹೆಣ್ಣುಮಕ್ಕಳ ವಿಷಯದಲ್ಲಿ ಈ ತೊಡಕು ಇನ್ನೂ ಗಹನವಾದುದು. ಉತ್ತರ ಕರ್ನಾಟಕದ ಹಲವು ಕುಟುಂಬಗಳಲ್ಲಿ ವಿವಾಹದ ಸಮಯದಲ್ಲಿ ಹರಿವಾಣದಲ್ಲಿ ಅಕ್ಕಿಯನ್ನು ಹರಡಿ, ವರನು ಉಂಗುರದಿಂದ ಅದರಲ್ಲಿ ವಧುವಿನ ಹೊಸ ಹೆಸರನ್ನು ಬರೆಯುವ ಪದ್ಧತಿ ಇದೆ. ಆ ಕ್ಷಣದಿಂದ ಗಂಡನ ಮನೆಯಲ್ಲಿ, ಪಡಿತರ ಚೀಟಿಯಲ್ಲಿ, ಮತದಾರರ ಪಟ್ಟಿಯಲ್ಲಿ ಆಕೆ ಹೊಸ ಹೆಸರಿನವಳು; ತವರಿನವರ ಬಾಯಲ್ಲಿಯೂ ಅಂಕಪಟ್ಟಿಯಲ್ಲಿಯೂ ಹಳೆಯ ಹೆಸರಿನವಳು. ಅಕ್ಕಿಯ ಮೇಲೆ ಹೆಸರು ಬದಲಾದ ಸಂಗತಿ ಮಾತ್ರ ಯಾವ ಕಛೇರಿಯ ದಾಖಲೆಗೂ ಏರುವುದಿಲ್ಲ. ಎಲ್ಲ ಧರ್ಮಗಳ ವಿವಾಹಗಳನ್ನೂ ಕಡ್ಡಾಯವಾಗಿ ನೋಂದಾಯಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2006ರಲ್ಲಿ ನಿರ್ದೇಶಿಸುವವರೆಗೆ, ಎರಡು ಹೆಸರುಗಳನ್ನು ಜೋಡಿಸಿ ತೋರಿಸುವ ಒಂದು ಕಾಗದವೂ ಅಸಂಖ್ಯ ಗೃಹಿಣಿಯರ ಬಳಿ ಇರಲಿಲ್ಲ. ಮಗನ ಮನೆಗೆಂದು ವಿದೇಶಕ್ಕೆ ಹೊರಟ ವೃದ್ಧ ತಾಯಿ, ಅವನ ಜನನಪತ್ರದಲ್ಲಿರುವ ತಾಯಿ ತಾನೇ ಎಂಬುದನ್ನು ಅಧಿಕಾರಿಗಳಿಗೆ ಒಪ್ಪಿಸಬೇಕಾಗುವ ದುಃಸ್ಥಿತಿ ಇಲ್ಲಿಂದ ಹುಟ್ಟಿದುದು.

ಇನ್ನು ರಹದಾರಿಯ ಕಡೆಗೆ ಬರೋಣ. 1914ರ ಮಹಾಯುದ್ಧಕ್ಕೆ ಮೊದಲು ಯೂರೋಪಿನ ಬಹುಭಾಗದಲ್ಲಿ ಪ್ರಯಾಣಿಕರನ್ನು ಇಂಥ ಪತ್ರಗಳಿಗಾಗಿ ತಡೆಯುತ್ತಿರಲಿಲ್ಲ. ಯುದ್ಧವು ತಂದ ಸಂಶಯ ಶಾಂತಿಯ ಅನಂತರವೂ ಉಳಿಯಿತು. 1920ರಲ್ಲಿ ಭಾರತದಲ್ಲಿ ಪಾಸ್‌ಪೋರ್ಟ್ ಕಾನೂನು ಬಂದಿತು. ಅದೇ ವರ್ಷ ಪ್ಯಾರಿಸಿನಲ್ಲಿ ರಾಷ್ಟ್ರಸಂಘದ ಆಶ್ರಯದಲ್ಲಿ ನಡೆದ ಸಮ್ಮೇಳನವು ಪಾಸ್‌ಪೋರ್ಟಿಗೆ ಏಕರೂಪವಾದ ಕಿರುಪುಸ್ತಕದ ಆಕಾರವನ್ನು ಸೂಚಿಸಿತು. ಮೈಸೂರಿನ ಪ್ರಜೆಗಳು ಆ ಕಾಲದಲ್ಲಿ ಬ್ರಿಟಿಷ್ ರಕ್ಷಣೆಗೊಳಪಟ್ಟ ವ್ಯಕ್ತಿಗಳೆಂಬ ವರ್ಗಕ್ಕೆ ಸೇರಿದವರು. ಧಾರವಾಡದವರು ಬ್ರಿಟಿಷ್ ಪ್ರಜೆಗಳು. ಸ್ವಾತಂತ್ರ್ಯಾನಂತರ, ವಿದೇಶಯಾತ್ರೆಯು ವ್ಯಕ್ತಿಸ್ವಾತಂತ್ರ್ಯದ ಅಂಗವೆಂದು ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ ತೀರ್ಪಿತ್ತ ಮೇಲೆ, ಅದೇ ವರ್ಷ ಇಂದಿನ ಪಾಸ್‌ಪೋರ್ಟ್ ಅಧಿನಿಯಮ ಜಾರಿಗೆ ಬಂದಿತು.

ಆದರೆ ನಿಜವಾದ ಮಾರ್ಪಾಟನ್ನು ತಂದುದು ಯಂತ್ರ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು 1980ರಲ್ಲಿ ಪ್ರಕಟಿಸಿದ ನಿಯಮಾವಳಿಗೆ ಅನುಸಾರವಾಗಿ ಪಾಸ್‌ಪೋರ್ಟಿನ ಭಾವಚಿತ್ರದ ಪುಟದ ಕೆಳಗೆ 44 ಅಕ್ಷರಸ್ಥಾನಗಳ ಎರಡು ಸಾಲುಗಳು ಬಂದುವು. ಮೊದಲ ಸಾಲಿನ ಮೊದಲ ಐದು ಸ್ಥಾನಗಳು ದಾಖಲೆಯ ಬಗೆಗೂ ದೇಶದ ಸಂಕೇತಕ್ಕೂ ಮೀಸಲು; ಉಳಿದ 39ರಲ್ಲಿ ಮೊದಲು ಮನೆತನದ ಹೆಸರು, ಬಳಿಕ ಎರಡು ಕೋನಾಕಾರದ ಚಿಹ್ನೆಗಳು, ಬಳಿಕ ಇಟ್ಟ ಹೆಸರು. ತಂದೆ, ಊರು, ಗೋತ್ರ, ‘ಯಾನೆ’ ಇವುಗಳಿಗೆ ಅಲ್ಲಿ ಎಡೆಯಿಲ್ಲ. ಶಾನುಭೋಗನು ವಿವರಿಸಿ ಬರೆಯಬಲ್ಲವನಾಗಿದ್ದನು. ಯಂತ್ರವು ಹೋಲಿಸಿ ನೋಡಬಲ್ಲುದೇ ಹೊರತು ವಿವರಣೆಯನ್ನು ಕೇಳಲಾರದು. ಮನೆತನದ ಹೆಸರಿನ ಖಾನೆ ಬರಿದಾಗಿರುವ ಪಾಸ್‌ಪೋರ್ಟಿಗೆ ಅಮೆರಿಕದ ವೀಸಾ ಕೊಡುವಾಗ, ಇಟ್ಟ ಹೆಸರನ್ನು ಮನೆತನದ ಹೆಸರಿನ ಜಾಗಕ್ಕೆ ಸರಿಸಿ, ಮೊದಲ ಹೆಸರು ತಿಳಿಯದು ಎಂಬರ್ಥದ ಎಫ್.ಎನ್.ಯು. ಎಂಬ ಮೂರಕ್ಷರಗಳನ್ನು ಅಚ್ಚುಹಾಕುವ ಕ್ರಮವಿದೆ. ತಾಯಿತಂದೆಗಳು ಪ್ರೀತಿಯಿಂದ ಹೆಸರಿಟ್ಟು ಕರೆದ ಮಗಳು ಹೀಗೆ ಹೆಸರು ತಿಳಿಯದವಳೆಂದು ದಾಖಲಾಗುವಳು. ಅಲ್ಲಿನ ವಿಶ್ವವಿದ್ಯಾನಿಲಯ, ಬ್ಯಾಂಕು, ವಾಹನದ ಪರವಾನಗಿಗಳಿಗೂ ಆ ಮೂರಕ್ಷರ ಹಿಂಬಾಲಿಸುವುದುಂಟು. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ಒಂದೇ ಪದದ ಹೆಸರುಳ್ಳ ಪಾಸ್‌ಪೋರ್ಟಿಗೆ ಸಂದರ್ಶಕ ವೀಸಾವನ್ನು ನಿರಾಕರಿಸುವುದಾಗಿ ತಿಳಿಸಿ, ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸ್ವೀಕರಿಸಲಾಗುವುದೆಂದು ಬಳಿಕ ಸ್ಪಷ್ಟಪಡಿಸಿತು. ಶಾನುಭೋಗನ ‘ಬಿನ್’ ಇಲ್ಲಿ ಮತ್ತೆ ಬಾಗಿಲು ತೆರೆಯಿತೆಂದು ಹೇಳಬಹುದು.

ಇವೆಲ್ಲದರ ಮೇಲೆ ಇಂಗ್ಲಿಷಿನ ಕಾಗುಣಿತವೊಂದಿದೆ. ಲಕ್ಷ್ಮಿಯನ್ನು ಧಾರವಾಡದ ಕಡೆಯವರು ಬಹುಮಟ್ಟಿಗೆ ಎಕ್ಸ್ ಅಕ್ಷರದಿಂದಲೂ, ಮೈಸೂರಿನವರು ಕೆ, ಎಸ್, ಎಚ್ ಎಂಬ ಮೂರರಿಂದಲೂ ಬರೆಯುವರು. ಗೌಡ ಎಂಬುದಕ್ಕೆ ಅಲ್ಲಿ ಯು, ಇಲ್ಲಿ ಡಬ್ಲ್ಯು. ಕನ್ನಡದಲ್ಲಿ ಒಂದೇ ಆದುದು ಇಂಗ್ಲಿಷಿನಲ್ಲಿ ಎರಡಾಗಿ, ಕಂಪ್ಯೂಟರಿನ ದೃಷ್ಟಿಯಲ್ಲಿ ಒಬ್ಬರೇ ಇಬ್ಬರಾಗುವರು. 2017ರಲ್ಲಿ ಪ್ಯಾನ್ ಮತ್ತು ಆಧಾರ್‌ಗಳನ್ನು ಜೋಡಿಸುವುದು ಕಡ್ಡಾಯವಾದಾಗ, ಅದುವರೆಗೆ ತಂತಮ್ಮ ಕಪಾಟುಗಳಲ್ಲಿ ನಿರುಪದ್ರವವಾಗಿದ್ದ ಈ ಭೇದಗಳು ಒಮ್ಮೆಲೇ ಎದುರುಬದುರಾದುವು.

ಪರಿಹಾರದ ಮಾರ್ಗಗಳೂ ಚರಿತ್ರೆಯಿಂದಲೇ ಬಂದುವು. ನೋಟರಿಯ ಅಫಿಡವಿಟ್, ವೃತ್ತಪತ್ರಿಕೆಯ ಪ್ರಕಟಣೆ, ರಾಜ್ಯಪತ್ರದ ಅಧಿಸೂಚನೆ ಇವೆಲ್ಲ ಹಳೆಯ ‘ಯಾನೆ’ ಎಂಬುದರ ಕೆಲಸವನ್ನೇ ವಿಸ್ತಾರವಾಗಿ ಮಾಡುವ ಉಪಕರಣಗಳು: ಊರಿನವರ ಅರಿವಿನಲ್ಲಿದ್ದುದನ್ನು ಅಪರಿಚಿತನ ಮುಂದಿಡುವ ಸಾಧನಗಳು. ವೀಸಾ ಪಾಸ್‌ಪೋರ್ಟಿನ ಹೆಸರನ್ನು ಅನುಸರಿಸುವುದೇ ನಿಯಮವಾದುದರಿಂದ ಪಾಸ್‌ಪೋರ್ಟನ್ನು ಮೂಲವಾಗಿಟ್ಟುಕೊಂಡು, ಇನಿಷಿಯಲನ್ನು ಒಂದೇ ರೀತಿಯಲ್ಲಿ ಬಿಡಿಸಿ, ಉಳಿದ ದಾಖಲೆಗಳನ್ನು ಪ್ರಯಾಣಕ್ಕೆ ಸಾಕಷ್ಟು ಮೊದಲೇ ಅದಕ್ಕೆ ಹೊಂದಿಸಿಕೊಳ್ಳುವುದು ಯುಕ್ತ. ಹಳೆಯ ಹೆಸರಿದ್ದರೆ ಅರ್ಜಿಯಲ್ಲಿ ಅದಕ್ಕೆಂದೇ ಇರುವ ಖಾನೆಯಲ್ಲಿ ಅದನ್ನು ಮರೆಮಾಚದೆ ನಮೂದಿಸುವುದು ಇನ್ನೂ ಯುಕ್ತ. ಹೊಸದಾಗಿ ಹುಟ್ಟಿದ ಮಗುವಿನ ಜನನಪತ್ರದಲ್ಲಿ ಪೂರ್ಣನಾಮವನ್ನು ಯೋಚಿಸಿ ಬರೆಸಿದ ತಾಯಿತಂದೆಗಳು ಅದಕ್ಕೆ ಇಪ್ಪತ್ತು ವರ್ಷಗಳ ಮುಂದಿನ ಅಲೆದಾಟವನ್ನು ತಪ್ಪಿಸಿದವರಾಗುವರು.

ಇಷ್ಟು ಮಾಡುವುದು ಪ್ರಜೆಯ ಹೊಣೆ. ಕಛೇರಿಗಳಿಗೂ ಒಂದು ಹೊಣೆಯುಂಟು. ಕುಪ್ಪಳಿ, ಮೋಕ್ಷಗುಂಡ, ಕೋದಂಡೇರ ಎಂಬ ಪೂರ್ವಪದಗಳಿಂದ ಹೆಸರನ್ನು ಆರಂಭಿಸಿದ ಜನ ತಮ್ಮನ್ನು ಮರೆಸಿಕೊಳ್ಳಲೆಂದು ಹಾಗೆ ಬರೆದವರಲ್ಲ. ಪೂರ್ವಿಕರ ನೆಲವನ್ನೂ ಮನೆತನವನ್ನೂ ಹೆಸರಿನೊಳಗೇ ಇಟ್ಟುಕೊಂಡವರು. ಎರಡು ಕಾಗದಗಳ ನಡುವಣ ಭೇದವನ್ನು ಕಂಡೊಡನೆ ವಂಚನೆಯನ್ನು ಶಂಕಿಸುವ ಬದಲು, ಆ ಮನುಷ್ಯ ಯಾವ ಸೀಮೆಯವನು, ಅಲ್ಲಿ ಹೆಸರನ್ನು ಬರೆಯುವ ಕ್ರಮವೇನು ಎಂದು ವಿಚಾರಿಸುವ ಅಧಿಕಾರಿಯು ನಿಯಮವನ್ನು ಸಡಿಲಿಸಿದವನಾಗುವುದಿಲ್ಲ. ನಿಯಮದ ಉದ್ದೇಶವಾದ ನಿಜವಾದ ಗುರುತನ್ನೇ ಸಾಧಿಸಿದವನಾಗುವನು.